ದೇವರ ಮೇಲೆ ಭರವಸೆ: ಯೆರೆಮೀಯನ ಹೊಲ ಕಲಿಸುವ ಪಾಠ

ಗುರುಗಳಾದ ನಮ್ಮ ನಾಲಿಗೆಯ ತುದಿಯಲ್ಲಿ ಸದಾ ಸಿದ್ಧವಾಗಿರುವ ಮಾತೊಂದಿದೆ: "ದೇವರ ಮೇಲೆ ಭರವಸೆಯಿಡಿ, ಎಲ್ಲವೂ ಸರಿಹೋಗುತ್ತದೆ." ರೋಗಿಯ ಹಾಸಿಗೆಯ ಬಳಿ ಕುಳಿತು, ಪರೀಕ್ಷೆಗೆ ಹೊರಟ ವಿದ್ಯಾರ್ಥಿಯ ತಲೆಯ ಮೇಲೆ ಕೈಯಿಟ್ಟು, ಸಾಲದಲ್ಲಿ ಮುಳುಗಿದ ಮನೆಯ ಹೊಸ್ತಿಲಲ್ಲಿ ನಿಂತು ಈ ಮಾತನ್ನು ನಾನು ಎಷ್ಟು ಬಾರಿ ಆಡಿದ್ದೇನೋ ಲೆಕ್ಕವಿಲ್ಲ. ನೀವೂ ಆಡಿರುತ್ತೀರಿ. ಈ ಮಾತಿನ ಮೊದಲರ್ಧ ನಮ್ಮ ವಿಶ್ವಾಸದ ತಿರುಳು. ಆದರೆ ಎರಡನೆಯ ಅರ್ಧವನ್ನು ಅದಕ್ಕೆ ಜೋಡಿಸಿದವರು ಯಾರು? ನಾವು ಬಯಸಿದಂತೆ ಎಲ್ಲವೂ ಸರಿಹೋಗುತ್ತದೆಂದು ದೇವರು ಯಾರಿಗಾದರೂ ಮಾತು ಕೊಟ್ಟಿದ್ದಾರೆಯೇ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಗುರುಮಠದ ಪ್ರಾಧ್ಯಾಪಕರಲ್ಲ. ಚಿತ್ತವಾಡ್ಗಿಯ ಒಬ್ಬ ಗುತ್ತಿಗೆ ರೈತ.

ಹೊಸಪೇಟೆಗೆ ಸೇರಿದ ಚಿತ್ತವಾಡ್ಗಿಯನ್ನು ಬಲ್ಲವರಿಗೆ ಅಲ್ಲಿಯ ಬದುಕು ನೀರಿನೊಂದಿಗೆ ಎಷ್ಟು ಹೆಣೆದುಕೊಂಡಿದೆ ಎಂಬುದು ತಿಳಿದೇ ಇದೆ. ವಿಜಯನಗರದ ಅರಸರ ಕಾಲದ ಕಾಲುವೆಗಳು ಈ ಸೀಮೆಯ ಭತ್ತದ ಗದ್ದೆಗಳಿಗೆ, ಕಬ್ಬಿನ ಮತ್ತು ಬಾಳೆಯ ತೋಟಗಳಿಗೆ ಇಂದಿಗೂ ನೀರುಣಿಸುತ್ತಿವೆ. ಎಲ್ಲಕ್ಕೂ ಆಧಾರ ತುಂಗಭದ್ರಾ ಜಲಾಶಯ. 2023ರ ಬರಗಾಲದಲ್ಲಿ ಬಳಲಿದ್ದ ಜನರಿಗೆ 2024ರ ಮಳೆಗಾಲ ಹೊಸ ಜೀವ ತಂದಿತ್ತು. ಜಲಾಶಯ ತುಂಬಿತು. ನಾಟಿ ಭರದಿಂದ ಸಾಗಿತು. ಆ ದಿನಗಳಲ್ಲಿ ಒಮ್ಮೆ ಕುಟುಂಬ ಭೇಟಿಗೆಂದು ಹೋದಾಗ, ಈ ರೈತರು ಮೂರು ಎಕರೆ ಗದ್ದೆಯನ್ನು ಗುತ್ತಿಗೆಗೆ ಪಡೆದಿರುವುದಾಗಿಯೂ, ಅದಕ್ಕಾಗಿ ಅವರ ಪತ್ನಿ ಮಹಿಳಾ ಸಂಘದಲ್ಲಿ ಸಾಲ ಎತ್ತಿರುವುದಾಗಿಯೂ ತಿಳಿಯಿತು. "ಈ ಸಲ ಹೆಂಗೋ ಏನೋ ಫಾದರ್" ಎಂದರು. ನಾನು ತುಂಬಿದ ಜಲಾಶಯವನ್ನು ನೆನೆದು, ನಗುತ್ತಾ, "ದೇವರು ನೋಡಿಕೊಳ್ಳುತ್ತಾರೆ, ಚಿಂತೆ ಬಿಡಿ" ಎಂದು ಆಶೀರ್ವದಿಸಿ ಬಂದೆ.

2024ರ ಆಗಸ್ಟ್ 10, ಶನಿವಾರ ರಾತ್ರಿ. ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಯಿತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಆ ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ನದಿಯ ಕೆಳಭಾಗದ ಜನರಿಗೆ ಎಚ್ಚರಿಕೆ ನೀಡಲಾಯಿತು. ಒಂದು ಬೆಳೆಯ ಕಾಲವಿಡೀ ಉಣಿಸಬೇಕಾಗಿದ್ದ ನೀರು ಕಣ್ಣೆದುರಿಗೇ ಹರಿದು ಹೋಗತೊಡಗಿತು.

ಮರುದಿನ ಸಾಧಾರಣ ಕಾಲದ 19ನೇ ಭಾನುವಾರ. ನಾನು ಪ್ರಬೋಧನೆಯನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದೆ. ಅಂದಿನ ಮೊದಲ ವಾಚನ ಅರಸುಗಳ ಮೊದಲನೆಯ ಗ್ರಂಥದಿಂದ: ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಮರುಭೂಮಿಗೆ ಓಡಿಬಂದ ಪ್ರವಾದಿ ಎಲೀಯ ಜಾಲಿಯ ಗಿಡದಡಿ ಕುಳಿತು, ತನಗೆ ಬದುಕು ಸಾಕಾಯಿತು, ತನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡುವ ಪ್ರಸಂಗ. ದೇವದೂತನು ಅವನನ್ನು ತಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಡುತ್ತಾನೆ. ನಾನು ಬರೆದಿಟ್ಟುಕೊಂಡಿದ್ದ ಸುಂದರ ವಾಕ್ಯಗಳನ್ನು ಓದುತ್ತಿದ್ದಾಗ ಎದುರಿಗಿದ್ದವರ ಮುಖಗಳು ನನ್ನ ಮಾತನ್ನು ಕೇಳುತ್ತಿರಲಿಲ್ಲ. ಬಲಿಪೂಜೆಯ ನಂತರ ಆ ರೈತರು ಬಾಗಿಲ ಬಳಿ ಕಾದು ನಿಂತಿದ್ದರು. ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. "ದೇವ್ರು ನೋಡ್ಕೊಂತಾನೆ ಅಂತ ಹೇಳಿದ್ರಲ್ಲ ಫಾದರ್, ನಿನ್ನೆ ರಾತ್ರಿ ಎಲ್ಲಿದ್ದ?" ಎಂದಷ್ಟೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅವರ ಭುಜದ ಮೇಲೆ ಕೈಯಿಟ್ಟು ಸುಮ್ಮನೆ ನಿಂತೆ.

ಪ್ರಿಯರೇ, ಈ ಪ್ರಶ್ನೆಯನ್ನು ಅವಿಶ್ವಾಸವೆಂದು ತಳ್ಳಿಹಾಕುವುದು ಸುಲಭ. ಆದರೆ ಪವಿತ್ರ ಗ್ರಂಥ ಹಾಗೆ ಮಾಡುವುದಿಲ್ಲ. ಎಲೀಯನನ್ನು ದೇವರು ಗದರಲಿಲ್ಲ. ಕಾರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಅದ್ಭುತವನ್ನು ಕಂಡವನು ಹೀಗೆ ಕುಸಿಯಬಹುದೇ ಎಂದು ಹಂಗಿಸಲಿಲ್ಲ. ಈಜೆಬೆಲಳನ್ನು ಮಾರ್ಗದಿಂದ ತೆಗೆದುಬಿಟ್ಟೆನೆಂದೂ ಹೇಳಲಿಲ್ಲ. ಅವನ ಸಮಸ್ಯೆ ಇದ್ದಲ್ಲಿಯೇ ಇತ್ತು. ದೇವರು ಕೊಟ್ಟದ್ದು ಒಂದು ರೊಟ್ಟಿ, ಒಂದು ತಂಬಿಗೆ ನೀರು, ಮತ್ತು ಮುಂದೆ ಇನ್ನೂ ದೂರ ನಡೆಯಬೇಕಾಗಿದೆ ಎಂಬ ಸತ್ಯ. ಆ ಆಹಾರದ ಬಲದಿಂದ ಅವನು ನಲವತ್ತು ದಿನ ಹಗಲಿರುಳು ನಡೆದು ಹೋರೇಬ್ ಬೆಟ್ಟವನ್ನು ಸೇರಿದ. ದೇವರು ದಾರಿಯನ್ನು ಚಿಕ್ಕದು ಮಾಡಲಿಲ್ಲ, ನಡೆಯುವವನಿಗೆ ಊಟವಿಟ್ಟರು. ನಾನು ಸಿದ್ಧಪಡಿಸಿದ್ದ ಪ್ರಬೋಧನೆಯಲ್ಲಿ ಈ ಅಂಶವೇ ಇರಲಿಲ್ಲ.

ಬುಧವಾರ ಸಂಜೆ ಮನಸ್ಸು ತಡೆಯದೆ ಚಿತ್ತವಾಡ್ಗಿಗೆ ಹೋದೆ. ಅವರು ಮನೆಯಲ್ಲಿರಲಿಲ್ಲ, ಗದ್ದೆಯಲ್ಲಿದ್ದರು. ಮೊಣಕಾಲಿನವರೆಗೆ ಕೆಸರು. ಕೈಯಲ್ಲಿ ಸಲಿಕೆ. ಕಾಲುವೆಯಿಂದ ಗದ್ದೆಗೆ ಬರುವ ಸಣ್ಣ ಹಾದಿಯಲ್ಲಿ ತುಂಬಿದ್ದ ಹೂಳನ್ನು ಎತ್ತಿ ಹಾಕುತ್ತಿದ್ದರು. ಇತ್ತ ಜಲಾಶಯವೇ ಬರಿದಾಗುತ್ತಿದೆ, ಇವರೇನು ಮಾಡುತ್ತಿದ್ದಾರೆ ಎಂದು ಅಚ್ಚರಿಯಾಗಿ ಕೇಳಿದೆ. ಕೆಲಸ ನಿಲ್ಲಿಸದೆಯೇ ಅವರು, "ನೀರು ಉಳೀತದೋ ಇಲ್ಲೋ ನಂಗೇನ್ ಗೊತ್ತು ಫಾದರ್? ಬಂದ್ರೆ ಗದ್ದೆ ತಯಾರಿರ್ಬೇಕಲ್ಲ" ಎಂದರು.

ಅಂದು ರಾತ್ರಿ ಯೆರೆಮೀಯನ ಗ್ರಂಥದ 32ನೇ ಅಧ್ಯಾಯವನ್ನು ತೆರೆದು ಕುಳಿತೆ. ನಿಮ್ಮ ಮನೆಯಲ್ಲಿಯೂ ಒಮ್ಮೆ ಎಲ್ಲರೂ ಸೇರಿ ಓದಬೇಕಾದ ಅಧ್ಯಾಯವಿದು. ಬಾಬಿಲೋನಿಯದ ಸೈನ್ಯ ಜೆರುಸಲೇಮಿಗೆ ಮುತ್ತಿಗೆ ಹಾಕಿತ್ತು. ನಗರ ಬೀಳುವುದು ಖಂಡಿತವೆಂದು ಸಾರಿದ ತಪ್ಪಿಗೆ ಅರಸ ಚಿದ್ಕೀಯನು ಯೆರೆಮೀಯನನ್ನು ಅರಮನೆಯ ಕಾವಲುಗಾರರ ಅಂಗಳದಲ್ಲಿ ಬಂಧಿಸಿಟ್ಟಿದ್ದ. ಅಂಥ ಹೊತ್ತಿನಲ್ಲಿ ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೊಳ್ಳೆಂದು ಕೇಳುತ್ತಾನೆ. ಶತ್ರುಗಳು ಮುತ್ತಿರುವ ನಾಡಿನ ಹೊಲಕ್ಕೆ ಬೆಲೆ ಎಲ್ಲಿಯದು? ಆದರೂ ಇದು ಪ್ರಭುವಿನ ಚಿತ್ತವೆಂದು ಅರಿತ ಯೆರೆಮೀಯ ಹದಿನೇಳು ಶೆಕೆಲ್ ಬೆಳ್ಳಿಯನ್ನು ತೂಗಿ ಕೊಡುತ್ತಾನೆ. ಸಾಕ್ಷಿಗಳನ್ನು ಕರೆದು ಕ್ರಯಪತ್ರಕ್ಕೆ ಸಹಿಮಾಡಿ ಮುದ್ರೆ ಹಾಕುತ್ತಾನೆ. ಬಹುಕಾಲ ಉಳಿಯಲೆಂದು ಅದನ್ನು ಮಣ್ಣಿನ ಮಡಕೆಯಲ್ಲಿಡಲು ಬಾರೂಕನಿಗೆ ಒಪ್ಪಿಸುತ್ತಾನೆ. ನಮ್ಮ ನೋಂದಣಿ ಕಚೇರಿಯ ವ್ಯವಹಾರದಷ್ಟೇ ಕ್ರಮಬದ್ಧವಾದ ಕೆಲಸ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಮೊದಲನೆಯದು, ಯೆರೆಮೀಯ ಎಲ್ಲವನ್ನೂ ಅರ್ಥಮಾಡಿಕೊಂಡ ನಂತರ ಹೊಲ ಕೊಳ್ಳಲಿಲ್ಲ. ಪತ್ರಕ್ಕೆ ಮುದ್ರೆ ಬಿದ್ದ ಮೇಲೆ ಅವನು ಪ್ರಾರ್ಥನೆಗೆ ನಿಲ್ಲುತ್ತಾನೆ. ನಗರವು ಶತ್ರುವಿನ ಪಾಲಾಗುತ್ತಿರುವಾಗ ಹೊಲ ಕೊಳ್ಳಲು ಏಕೆ ಹೇಳಿದಿರೆಂದು ತನ್ನ ಗೊಂದಲವನ್ನೆಲ್ಲ ದೇವರ ಮುಂದೆ ತೋಡಿಕೊಳ್ಳುತ್ತಾನೆ. ವಿಧೇಯತೆ ಮೊದಲು ಬಂತು, ಪ್ರಶ್ನೆ ಅದರ ಹಿಂದೆಯೇ ಬಂತು. ಭರವಸೆಯಿರುವ ಹೃದಯದಲ್ಲಿ ಪ್ರಶ್ನೆಗೂ ಜಾಗವಿದೆ. ಎರಡನೆಯದು ಇನ್ನೂ ಕಠಿಣ. ಆ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಾತೋಟಗಳ ಕ್ರಯವಿಕ್ರಯ ನಡೆಯುವುದೆಂದು ದೇವರು ವಾಗ್ದಾನ ಮಾಡಿದರು. ಆದರೆ ಯೆರೆಮೀಯನು ಆ ಹೊಲವನ್ನು ಉತ್ತು ಬಿತ್ತಿದನೆಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ನಗರ ಬಿದ್ದಿತು. ಅವನ ಜನರೇ ಅವನನ್ನು ಈಜಿಪ್ಟಿಗೆ ಕರೆದೊಯ್ದರು. ತನ್ನ ಆಯುಷ್ಯದಲ್ಲಿ ತೆನೆ ಕಾಣದ ಹೊಲಕ್ಕೆ ಅವನು ಪೂರ್ಣ ಬೆಲೆ ತೆತ್ತಿದ್ದ.

ಹಾಗಾದರೆ ಭರವಸೆ ಎಂದರೇನು? ಅದು ಭವಿಷ್ಯ ನುಡಿಯುವುದಲ್ಲ. ಬೆಳೆ ಬಂದೇ ಬರುತ್ತದೆ, ಕಾಯಿಲೆ ವಾಸಿಯಾಗಿಯೇ ಆಗುತ್ತದೆ ಎಂದು ಹೇಳುವುದು ಊಹೆಯಷ್ಟೇ. ಊಹೆ ಸುಳ್ಳಾದಾಗ ದೇವರೇ ಸುಳ್ಳಾದಂತೆ ನಮಗೆ ತೋರುತ್ತದೆ. ಭರವಸೆಯು ಒಂದು ಫಲದ ಮೇಲೆ ನಿಂತದ್ದಲ್ಲ, ಒಬ್ಬ ವ್ಯಕ್ತಿಯ ಮೇಲೆ ನಿಂತದ್ದು. ನಾಳೆ ಏನಾಗುವುದೋ ತಿಳಿಯದು, ಆದರೆ ನಾಳೆ ಯಾರ ಕೈಯಲ್ಲಿದೆಯೆಂದು ತಿಳಿದಿದೆ. ಆದುದರಿಂದ ಇಂದಿನ ನನ್ನ ಕರ್ತವ್ಯವನ್ನು ನಾನು ಬಿಡುವುದಿಲ್ಲ ಎನ್ನುವುದೇ ಭರವಸೆ. ಗೆತ್ಸೆಮನಿ ತೋಪಿನಲ್ಲಿ ನಮ್ಮ ಪ್ರಭು ಯೇಸು ಬೇಡಿದ್ದೂ ಹೀಗೆಯೇ. ಕಷ್ಟದ ಪಾತ್ರೆ ತೊಲಗಲೆಂದು ಬೇಡಿದರು. ಅದು ತೊಲಗಲಿಲ್ಲ. ಆದರೂ ತಂದೆಯ ಚಿತ್ತಕ್ಕೆ ತಮ್ಮನ್ನು ಒಪ್ಪಿಸಿ ಎದ್ದು ನಡೆದರು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಭರವಸೆಯ ಹೆಸರಿನಲ್ಲಿ ನಾವು ಹೊಣೆಯಿಂದ ನುಣುಚಿಕೊಳ್ಳುವುದುಂಟು. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಸೈತಾನನು ಯೇಸುವನ್ನು ಪ್ರೇರೇಪಿಸಿದಾಗ ಅವನು ಆಧಾರವಾಗಿ ಬಳಸಿದ್ದು ಪವಿತ್ರ ಗ್ರಂಥದ ಮಾತನ್ನೇ! ಅದನ್ನು ಪ್ರಭುವು ಭರವಸೆಯೆಂದು ಕರೆಯಲಿಲ್ಲ, ದೇವರನ್ನು ಪರೀಕ್ಷಿಸುವುದೆಂದು ಕರೆದು ನಿರಾಕರಿಸಿದರು. ಏಳು ದಶಕಗಳಷ್ಟು ಹಳೆಯ ಸರಪಳಿಯನ್ನು ಕಾಲಕಾಲಕ್ಕೆ ನೋಡಿಕೊಳ್ಳಬೇಕಾದದ್ದು ಮನುಷ್ಯರು. ಆ ಕೆಲಸವನ್ನು ದೇವರು ನಮ್ಮ ಕೈಯಿಂದ ಕಿತ್ತುಕೊಳ್ಳುವುದಿಲ್ಲ. ನಾವು ದೇವರನ್ನು ನಂಬುತ್ತೇವೆ, ಸರಿ. ಆದರೆ ನಮ್ಮನ್ನು ನಂಬಿ ದೇವರು ಒಪ್ಪಿಸಿರುವ ಸರಪಳಿಗಳು ಯಾವುವು? ಮಕ್ಕಳ ವಿದ್ಯೆ, ವೃದ್ಧ ತಾಯ್ತಂದೆಯರ ಔಷಧ, ಸಂಘದ ಲೆಕ್ಕಪುಸ್ತಕ, ಕೆಲಸಗಾರನ ಕೂಲಿ. ಇವುಗಳಲ್ಲಿ ತುಕ್ಕು ಹಿಡಿಯಲು ಬಿಟ್ಟು, ಆಮೇಲೆ ದೇವರ ಚಿತ್ತವೆಂದು ಕೈಮುಗಿಯುವುದು ಭಕ್ತಿಯಲ್ಲ.

ಆ ವಾರ ಅಣೆಕಟ್ಟಿನ ಮೇಲೆ ನಡೆದದ್ದನ್ನು ನೀವು ಬಲ್ಲಿರಿ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಮರುದಿನ, ಆಗಸ್ಟ್ 16ರಂದು, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಗೇಟಿನ ಮೊದಲ ಭಾಗವನ್ನು ಇಳಿಸಲಾಯಿತು. ಕಾರ್ಮಿಕರು ಪ್ರಾಣದ ಹಂಗು ತೊರೆದು ದುಡಿದರು. ಮರುದಿನ ನೀರಿನ ಪೋಲು ಹತೋಟಿಗೆ ಬಂದಿತು. ಅದೇ ಮಳೆಗಾಲದಲ್ಲಿ ಜಲಾಶಯ ಮತ್ತೆ ಬಹುತೇಕ ತುಂಬಿತು. ನಮ್ಮ ರೈತರ ಗದ್ದೆಯೂ ಫಲ ಕೊಟ್ಟಿತು.

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನಕ್ಕೆ ಸುಖವಾದ ಮುಕ್ತಾಯ ಸಿಗುತ್ತಿತ್ತು. ನಾನು ಮತ್ತೆ ನನ್ನ ಹಳೆಯ ಮಾತಿಗೇ ಮರಳುತ್ತಿದ್ದೆ. ಆದರೆ 2025ರಲ್ಲಿ ಗೇಟುಗಳ ಸುರಕ್ಷತೆಯ ದೃಷ್ಟಿಯಿಂದ ಜಲಾಶಯದ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು. ಹಳೆಯ ಗೇಟುಗಳನ್ನೆಲ್ಲ ಬದಲಿಸುವ ನಿರ್ಧಾರವಾಯಿತು. ನೀರಿನ ಚಿಂತೆ ಮತ್ತೆ ಮನೆಮನೆಗೆ ಬಂತು. ಆ ರೈತರು ಮುಂದಿನ ಗುತ್ತಿಗೆಯನ್ನು ಬಿಟ್ಟುಕೊಟ್ಟು ಕೆಲಕಾಲ ಕೂಲಿಗೆ ಹೋದರು. ಸಂಘದ ಕಂತು ಕಟ್ಟಲಾಗದ ತಿಂಗಳಲ್ಲಿ ಅವರ ಓಣಿಯ ನಾಲ್ಕು ಮನೆಯವರು ಸೇರಿ ಕಟ್ಟಿದರು. ಆ ನಾಲ್ಕರಲ್ಲಿ ಎರಡು ಮನೆಗಳವರು ಮಾತ್ರ ನಮ್ಮ ಧರ್ಮಕೇಂದ್ರದವರು. ಜಾಲಿಯ ಗಿಡದಡಿ ರೊಟ್ಟಿ ತಂದಿಟ್ಟ ದೂತನು ಯಾವ ರೂಪದಲ್ಲಿ ಬರುತ್ತಾನೆಂದು ನಾವು ನಿರ್ಧರಿಸಲಾಗದು.

ಇತ್ತೀಚೆಗೆ ಅವರನ್ನು ಕಂಡಾಗ ಆ ಭಾನುವಾರದ ಪ್ರಶ್ನೆಯನ್ನು ನಾನೇ ನೆನಪಿಸಿದೆ. ನನ್ನ ಮಾತು ಹಗುರವಾಗಿತ್ತು, ಕ್ಷಮಿಸಿ ಎಂದೆ. ಅವರು ಮುಜುಗರಪಟ್ಟು, "ಬಿಡ್ರಿ ಫಾದರ್, ಅವತ್ತು ನೀವು ಗದ್ದೀಗೆ ಬಂದ್ರಲ್ಲ, ಅದು ಸಾಕು" ಎಂದರು.

ಪ್ರಿಯ ವಾಚಕರೇ, ಅಂದಿನಿಂದ ನಾನು "ಎಲ್ಲವೂ ಸರಿಹೋಗುತ್ತದೆ" ಎಂದು ಹೇಳುವುದನ್ನು ಬಿಟ್ಟಿದ್ದೇನೆ. ದೇವರು ನಿಮ್ಮನ್ನು ಕೈಬಿಡುವುದಿಲ್ಲ ಎನ್ನುತ್ತೇನೆ. ನಾನೂ ಬರುತ್ತೇನೆ ಎನ್ನುತ್ತೇನೆ, ಮತ್ತು ಹೋಗಲು ಪ್ರಯತ್ನಿಸುತ್ತೇನೆ. ನಿಮ್ಮ ಮನೆಯಲ್ಲಿ ಇಂದು ಉತ್ತರ ಸಿಗದ ಪ್ರಶ್ನೆಯೊಂದಿದ್ದರೆ ಅದನ್ನು ಎಲೀಯನಂತೆ, ಯೆರೆಮೀಯನಂತೆ ದೇವರ ಮುಂದೆ ಬಿಚ್ಚಿಡಿ. ಅವರು ಬೇಸರಿಸುವುದಿಲ್ಲ. ಆಮೇಲೆ ಎದ್ದು ಇಂದಿನ ಕೆಲಸವನ್ನು ಮಾಡಿ. ನೀರು ಬರುವ ಹಾದಿಯ ಹೂಳನ್ನು ತೆಗೆಯುವುದು ನಮ್ಮ ಪಾಲಿನ ಕೆಲಸ. ನೀರು ದೇವರ ಕೈಯಲ್ಲಿದೆ. ಆ ದೇವರು ತಂದೆಯಾಗಿದ್ದಾರೆ ಎಂಬ ವಿಶ್ವಾಸದಲ್ಲಿ ನಿಮ್ಮನ್ನೂ ನಿಮ್ಮ ಕುಟುಂಬವನ್ನೂ ಪ್ರಭು ಬಲಪಡಿಸಲಿ.