ಕಾಣದ ಬೆಳಕು ಇಲ್ಲದ ಬೆಳಕಲ್ಲ



ಮೂರು ರಾಯರ ಹಬ್ಬ ಕಳೆದ ಮರುವಾರ. ಬೆಂಗಳೂರಿನ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಗುರುನಿವಾಸದ ಬಾಗಿಲಿಗೆ ಬಂದರು. ಅವರ ಪತಿ ದೀರ್ಘ ಕಾಯಿಲೆಯಿಂದ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

"ಸ್ವಾಮಿ, ನನ್ನ ಮಗನಿಗೆ ನೀವೇ ಸ್ವಲ್ಪ ಬುದ್ಧಿ ಹೇಳಬೇಕು. ರಾತ್ರಿಯಾದರೆ ಸಾಕು, ಕ್ಯಾಮೆರಾ ಹಿಡಿದು ತಾರಸಿ ಹತ್ತುತ್ತಾನೆ. ಮನೆ ಪ್ರಾರ್ಥನೆಗೆ ಕೂರುವುದಿಲ್ಲ. ಮೇಲೆ ಏನಿದೆಯೋ ಅಂದರೆ, ಬೆಳಕಿದೆ ಅಮ್ಮಾ ಅನ್ನುತ್ತಾನೆ. ನನಗಂತೂ ಏನೂ ಕಾಣುವುದಿಲ್ಲ" ಎಂದರು.

ಬರುತ್ತೇನೆಂದು ಹೇಳಿದೆ. ಗೇಟಿನವರೆಗೆ ಹೋದವರು ಮತ್ತೆ ತಿರುಗಿ ಬಂದರು. ಈ ಬಾರಿ ದನಿ ಇಳಿದಿತ್ತು. "ನಿಜ ಹೇಳಿದರೆ ಸ್ವಾಮಿ, ನನಗೆ ಜಪಸರದಲ್ಲೂ ಈಗ ಏನೂ ಕಾಣುವುದಿಲ್ಲ. ಮಣಿ ಉರುಳುತ್ತದೆ, ಮನಸ್ಸು ಕಲ್ಲಾಗಿರುತ್ತದೆ. ಇಷ್ಟು ವರ್ಷ ನಾನು ಯಾರ ಹತ್ತಿರ ಮಾತಾಡಿದೆ ಅನ್ನಿಸುತ್ತದೆ."

ಮಗನ ವಿಷಯಕ್ಕೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ತಾಯಿಯ ಈ ಮಾತಿಗೆ ಇರಲಿಲ್ಲ.

ಆ ಶನಿವಾರ ರಾತ್ರಿ ಒಂಬತ್ತಕ್ಕೆ ಅವರ ಮನೆಯ ತಾರಸಿ ಹತ್ತಿದೆ. ನೀರಿನ ಟ್ಯಾಂಕಿನ ಮರೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಯಾರೋ ಬಳಸಿ ಮಾರಿದ ಡಿ.ಎಸ್.ಎಲ್.ಆರ್. ಕ್ಯಾಮೆರಾ, ಅದಕ್ಕೆ 50 ಮಿಲಿಮೀಟರ್ ಲೆನ್ಸು. ಆರಾರು ಸೆಕೆಂಡಿಗೊಮ್ಮೆ ಕ್ಯಾಮೆರಾ ತನ್ನಷ್ಟಕ್ಕೆ 'ಕಟಕ್' ಎನ್ನುತ್ತಿತ್ತು. ಹುಡುಗ ಎದ್ದು ನಿಂತ. ಬೈಯಲು ಬಂದಿದ್ದಾರೆಂದು ಅವನಿಗೆ ಗೊತ್ತಾಗಿರಬೇಕು.

"ಏನು ಹಿಡಿಯುತ್ತಿದ್ದೀಯಪ್ಪಾ?" ಎಂದು ಕೇಳಿದೆ.

"ನೀಹಾರಿಕೆ ಫಾದರ್. ಒರಾಯನ್ ನೀಹಾರಿಕೆ."

ತಲೆಯೆತ್ತಿ ನೋಡಿದೆ. ದಕ್ಷಿಣಕ್ಕೆ ಎತ್ತರದಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳು ಸಾಲಾಗಿ ನಿಂತಿದ್ದವು. ಯೂರೋಪಿನ ಹಲವು ಕಡೆ ಕ್ರೈಸ್ತ ಜನ ಈ ಮೂರನ್ನು ಮೂರು ರಾಯರು ಎಂದು ಕರೆಯುತ್ತಾ ಬಂದಿದ್ದಾರೆ. ಸ್ಪೇನ್ ಮತ್ತು ಪೋರ್ಚುಗಲ್ ಭಾಷೆಯವರು ಮೂವರು ಮರಿಯರು ಎನ್ನುತ್ತಾರೆ. ಆ ಪಟ್ಟಿಯಿಂದ ಕೆಳಗೆ ಇಳಿಬಿದ್ದ ಕತ್ತಿಯ ನಡುವೆ ಈ ನೀಹಾರಿಕೆ ಇದೆ. ನೀಹಾರಿಕೆಯೆಂದರೆ ಅನಿಲ ಮತ್ತು ಧೂಳಿನ ಮಹಾಮೋಡ. ಈ ಮೋಡದೊಳಗೆ ಇಂದಿಗೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ನಮ್ಮಿಂದ ಅದು ಸುಮಾರು 1,300 ಜ್ಯೋತಿರ್ವರ್ಷ ದೂರ. ಅಂದು ರಾತ್ರಿ ಆ ತಾರಸಿಗೆ ಇಳಿದ ಬೆಳಕು ಅಲ್ಲಿಂದ ಹೊರಟಾಗ ನಮ್ಮ ನಾಡನ್ನು ಬಾದಾಮಿಯ ಚಾಲುಕ್ಯರು ಆಳುತ್ತಿದ್ದರು.

ಆದರೆ ನನಗೆ ನೀಹಾರಿಕೆ ಕಾಣಲಿಲ್ಲ. ಕಂಡದ್ದು ಬೂದು ಬಣ್ಣದ ಆಕಾಶ, ಅಂಗಡಿ ಬೀದಿಯ ಬೆಳಕು, ಮೇಲ್ಸೇತುವೆಯ ಬೆಳಕು. ಆಕಾಶದ ಕತ್ತಲನ್ನು 1ರಿಂದ 9ರವರೆಗೆ ಲೆಕ್ಕ ಹಾಕುವ ಬಾರ್ಟಲ್ ಎಂಬ ಅಳತೆಯೊಂದಿದೆ. 1 ಎಂದರೆ ಅಚ್ಚ ಕತ್ತಲು. ದೊಡ್ಡ ನಗರಗಳ ನಡುಭಾಗ 8 ಇಲ್ಲವೇ 9ಕ್ಕೆ ಸೇರುತ್ತದೆ. 2016ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಪ್ರಕಾರ ಮಾನವಕುಲದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ತಮ್ಮ ಊರಿನಿಂದ ಆಕಾಶಗಂಗೆಯೇ ಕಾಣಿಸುವುದಿಲ್ಲ. ಅಬ್ರಹಾಮನನ್ನು ದೇವರು ಗುಡಾರದಿಂದ ಹೊರಗೆ ಕರೆದು ನಕ್ಷತ್ರಗಳನ್ನು ಎಣಿಸಲು ಹೇಳಿದರಲ್ಲವೇ? ಇಂದು ನಮ್ಮ ಮಕ್ಕಳಿಗೆ ಹಾಗೆ ಹೇಳಿದರೆ ಅವರು ಐದು ನಿಮಿಷದಲ್ಲಿ ಎಣಿಸಿ ಮುಗಿಸಿ ಒಳಗೆ ಬಂದಾರು!

ಹುಡುಗ ಆಗಷ್ಟೇ ತೆಗೆದ ಒಂದು ಚಿತ್ರವನ್ನು ತೋರಿಸಿದ. ಕೆಸರು ನೀರಿನಂಥ ಬಣ್ಣ, ಅದರಲ್ಲಿ ಕೆಲವು ಚುಕ್ಕೆ. "ಇದರಲ್ಲಿ ಏನೂ ಇಲ್ಲವಲ್ಲಾ?" ಎಂದೆ.

"ಇದೆ ಫಾದರ್. ಗದ್ದಲದೊಳಗೆ ಮುಳುಗಿದೆ" ಎಂದು ಅವನು ವಿವರಿಸತೊಡಗಿದ.

ಭೂಮಿ ತಿರುಗುತ್ತಿರುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಸ್ಟ್ಯಾಂಡಿನ ಮೇಲೆ ಅಲುಗದೆ ನಿಂತ ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆರೆದರೆ ನಕ್ಷತ್ರಗಳು ಗೆರೆಗಳಾಗುತ್ತವೆ. ಆದ್ದರಿಂದ ಅವನ ಲೆನ್ಸಿಗೆ ಆರು ಸೆಕೆಂಡೇ ಮಿತಿ. ಆರು ಸೆಕೆಂಡಿನಲ್ಲಿ ಸಿಗುವ ನೀಹಾರಿಕೆಯ ಬೆಳಕು ಅತ್ಯಲ್ಪ. ಜೊತೆಗೆ ನಗರದ ಬೆಳಕು ಮತ್ತು ಕ್ಯಾಮೆರಾದ್ದೇ ಆದ ಸಣ್ಣ ಗದ್ದಲ ಅದನ್ನು ಮುಚ್ಚಿಬಿಡುತ್ತವೆ. ಹಾಗಾಗಿ ಅವನು ನಾನೂರು ಚಿತ್ರ ತೆಗೆಯುತ್ತಾನೆ. ಒಟ್ಟು ನಲವತ್ತು ನಿಮಿಷದ ಬೆಳಕು. ನಡುನಡುವೆ ಎದ್ದು, ಸರಿದುಹೋದ ಆಕಾಶದ ಕಡೆಗೆ ಕ್ಯಾಮೆರಾವನ್ನು ಮತ್ತೆ ತಿರುಗಿಸಬೇಕು. ಆಮೇಲೆ ಕಂಪ್ಯೂಟರಿನಲ್ಲಿ ನಕ್ಷತ್ರದ ಮೇಲೆ ನಕ್ಷತ್ರ ಕೂರುವಂತೆ ಎಲ್ಲವನ್ನೂ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುತ್ತಾನೆ. ಗದ್ದಲ ಒಂದು ಚಿತ್ರದಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ; ಅದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ನೀಹಾರಿಕೆ ಮಾತ್ರ ಪ್ರತಿ ಚಿತ್ರದಲ್ಲೂ ಇದ್ದಲ್ಲೇ ಇರುತ್ತದೆ. ನೂರು ಚಿತ್ರ ಕೂಡಿದರೆ ಸ್ಪಷ್ಟತೆ ಹತ್ತು ಪಟ್ಟು, ನಾನೂರು ಕೂಡಿದರೆ ಇಪ್ಪತ್ತು ಪಟ್ಟು. ಹನಿ ಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಅಷ್ಟರಲ್ಲಿ ತಾಯಿ ಕಾಫಿ ತಂದರು. ಹಿಂದಿನ ವಾರ ಹಾಗೆ ಸಿದ್ಧಪಡಿಸಿದ ಚಿತ್ರವನ್ನು ಮಗ ತೆರೆದ. ಕಪ್ಪು ಆಕಾಶದ ನಡುವೆ ಉಗುರಿನಷ್ಟಗಲ, ನಸುಗೆಂಪು ರೆಕ್ಕೆ ಬಿಚ್ಚಿದ ಹಕ್ಕಿಯಂತೆ ನೀಹಾರಿಕೆ ಇತ್ತು. ಆ ಕೆಂಪು ಜಲಜನಕದ ಬೆಳಕು. ಸಾಧಾರಣ ಕ್ಯಾಮೆರಾದೊಳಗಿನ ಶೋಧಕ ಗಾಜು ಈ ಕೆಂಪಿನ ಬಹುಪಾಲನ್ನು ತಡೆದುಬಿಡುತ್ತದೆಯಂತೆ. ಅದನ್ನು ದಾಟಿ ಬಂದಷ್ಟೇ ಇಷ್ಟು.

ತಾಯಿ ಬಹಳ ಹೊತ್ತು ನೋಡಿ ಕೇಳಿದರು: "ಇದು ನೀನೇ ಬಣ್ಣ ತುಂಬಿದ್ದಲ್ಲವೇನೋ?"

ಅವರ ಪ್ರಶ್ನೆ ಚಿತ್ರದ ಬಗ್ಗೆ ಮಾತ್ರವೆಂದು ನನಗೆ ಅನ್ನಿಸಲಿಲ್ಲ. ಎಷ್ಟೋ ವರ್ಷ ಒಂದೇ ಪ್ರಾರ್ಥನೆಯನ್ನು ಹೇಳಿ ಹೇಳಿ, ಇಲ್ಲದ ದೇವರನ್ನು ನಾವೇ ಕಟ್ಟಿಕೊಂಡೆವೋ ಏನೋ ಎಂಬ ಭಯ ಅದರ ಹಿಂದಿತ್ತು. ಈ ಭಯ ನಮ್ಮಲ್ಲಿ ಎಷ್ಟು ಜನರಿಗಿಲ್ಲ? ಹೇಳಿಕೊಳ್ಳಲು ನಾಚುತ್ತೇವೆ, ಅಷ್ಟೆ.

ಮಗ ನಕ್ಕು ಲೆನ್ಸಿನ ಮುಚ್ಚಳವನ್ನು ಕೈಗೆ ತೆಗೆದುಕೊಂಡ. "ಅಮ್ಮಾ, ಈ ಮುಚ್ಚಳ ಹಾಕಿ ನಾನೂರಲ್ಲ, ನಾಲ್ಕು ಸಾವಿರ ಚಿತ್ರ ತೆಗೆದು ಕೂಡಿಸಿದರೂ ನೀಹಾರಿಕೆ ಬರುವುದಿಲ್ಲ. ಕೂಡಿಸುವುದರಿಂದ ಬೆಳಕು ಹುಟ್ಟುವುದಿಲ್ಲ. ಪ್ರತಿ ಚಿತ್ರಕ್ಕೂ ಅದು ಬಂದಿತ್ತು. ಒಂದೊಂದರಲ್ಲಿ ನಮಗೆ ಕಾಣುವಷ್ಟು ಇರಲಿಲ್ಲ."

ಪ್ರಿಯರೇ, ನಾನು ಕೊಡಲಾಗದ ಉತ್ತರವನ್ನು ಆ ಹುಡುಗ ಕೊಟ್ಟಿದ್ದ.

ನಮ್ಮ ಒಂದು ದಿನದ ಪ್ರಾರ್ಥನೆ ಆ ಆರು ಸೆಕೆಂಡಿನ ಚಿತ್ರದಂತೆ. ಅದನ್ನೊಂದನ್ನೇ ಹಿಡಿದು ನೋಡಿದರೆ ಗದ್ದಲವೇ ಹೆಚ್ಚು: ಮಕ್ಕಳ ಫೀಸು, ಮೊಣಕಾಲು ನೋವು, ನಾಳೆಯ ಅಡುಗೆ. ಆದರೆ ಆ ದಿನವೂ ಕೃಪೆ ಬಂದಿತ್ತು. ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿಯ ವಿಧವೆಯನ್ನು ನೆನೆಯಿರಿ. ಒಂದು ದಿನದ ಮೊರೆಯಿಂದ ಅವಳಿಗೆ ನ್ಯಾಯ ಸಿಗಲಿಲ್ಲ; ಅವಳು ಬರುತ್ತಲೇ ಇದ್ದಳು. ಕೊಲ್ಕತ್ತೆಯ ಸಂತ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಲೋಕವೇ ಬೆರಗಾಯಿತು. ಹಲವು ದಶಕಗಳ ಕಾಲ ಅವರ ಅಂತರಂಗದಲ್ಲಿ ಕತ್ತಲೆ ಕವಿದಿತ್ತು. ಆದರೂ ಅವರು ಮುಂಜಾನೆಯ ಪ್ರಾರ್ಥನೆಯನ್ನು ಬಿಡಲಿಲ್ಲ, ಬೀದಿಯ ರೋಗಿಯನ್ನೂ ಬಿಡಲಿಲ್ಲ.

ಅವನು ಹೇಳಿದ ಇನ್ನೊಂದು ಮಾತು ನನ್ನನ್ನು ಕಾಡಿತು. ಹಳ್ಳಿಯ ಕತ್ತಲಲ್ಲಿ ಕೆಲವೇ ನಿಮಿಷಕ್ಕೆ ಸಿಗುವುದು ನಗರದಲ್ಲಿ ಗಂಟೆಗಟ್ಟಲೆ ಬೇಡುತ್ತದೆ. ಕಂಪ್ಯೂಟರಿನಲ್ಲಿ ನಗರದ ಬೆಳಕನ್ನು ಕಳೆಯಬಹುದು, ಆದರೆ ಅದು ತಂದ ಗದ್ದಲ ಉಳಿಯುತ್ತದೆ. ಹೆಚ್ಚು ಚಿತ್ರ ಕೂಡಿಸಿಯೇ ಅದನ್ನು ಗೆಲ್ಲಬೇಕು. ದುಃಖದ ಮನೆಯಲ್ಲಿ, ಸಾಲದ ಮನೆಯಲ್ಲಿ, ಮೂರು ಪಾಳಿಯ ದುಡಿಮೆಯಲ್ಲಿ ಪ್ರಾರ್ಥಿಸುವವರು ನಗರದ ಆಕಾಶದ ಕೆಳಗೆ ಇರುವವರು. ಅವರಿಗೆ ತಡವಾಗುತ್ತದೆ. ತಡವಾದದ್ದು ಅವರ ವಿಶ್ವಾಸದ ದೋಷವೆಂದು ಯಾರೂ ಹೇಳದಿರಲಿ.

ಮುಚ್ಚಳಕ್ಕೂ ಒಂದು ಕೆಲಸವಿದೆ. ಕೊನೆಯಲ್ಲಿ ಅವನು ಮುಚ್ಚಳ ಹಾಕಿ, ಅಷ್ಟೇ ಸೆಕೆಂಡಿನ ಇಪ್ಪತ್ತು ಕತ್ತಲೆಯ ಚಿತ್ರಗಳನ್ನು ತೆಗೆದ. ಬೆಳಕೇ ಇಲ್ಲದಾಗಲೂ ಕ್ಯಾಮೆರಾ ಕೆಲವು ಚುಕ್ಕೆಗಳನ್ನು ತಾನೇ ಹುಟ್ಟಿಸುತ್ತದೆ. ಅವು ಯಾವುವೆಂದು ತಿಳಿದು ಅಸಲು ಚಿತ್ರದಿಂದ ಕಳೆಯಬೇಕು. ಇಲ್ಲದಿದ್ದರೆ ನಮ್ಮ ದೋಷವನ್ನೇ ನಕ್ಷತ್ರವೆಂದು ನಂಬುತ್ತೇವೆ. ಆತ್ಮಶೋಧನೆ ಎಂದರೆ ಇದೇ ತಾನೇ? ನನ್ನ ಹಟ, ನನ್ನ ಕೋಪ, ನನ್ನ ಜಂಬ. ಇವನ್ನು ದೇವರ ಚಿತ್ತವೆಂದು ಎಷ್ಟು ಸಲ ಸಾರಿದ್ದೇನೋ! ಅತಿಯಾಗಿ ತಿದ್ದಿದರೂ ಚಿತ್ರದಲ್ಲಿ ಇಲ್ಲದ್ದು ಮೂಡುತ್ತದೆಯಂತೆ. ಕಂಡದ್ದಕ್ಕಿಂತ ಹೆಚ್ಚು ಕಂಡೆನೆಂದು ಹೇಳುವ ಭಕ್ತಿಗೂ ಈ ಎಚ್ಚರ ಬೇಕು.

ಹೊರಡುವಾಗ ಕೇಳಿದೆ: "ಇಲ್ಲಿ ನಿನಗೆ ಅತಿ ಹೆಚ್ಚು ತೊಂದರೆ ಕೊಡುವ ಬೆಳಕು ಯಾವುದು?" ಅವನು ಉತ್ತರಿಸಲು ಹಿಂಜರಿದ. ಮತ್ತೆ ಕೇಳಿದಾಗ ಕೈ ತೋರಿಸಿದ. ನಮ್ಮ ದೇವಾಲಯದ ಗೋಪುರ! ಹಬ್ಬಕ್ಕೆಂದು ಹಾಕಿಸಿದ ಫ್ಲಡ್‌ಲೈಟುಗಳನ್ನು ಹಬ್ಬ ಮುಗಿದ ಮೇಲೂ ಇಡೀ ರಾತ್ರಿ ಉರಿಸುತ್ತಿದ್ದೆವು. ಅರ್ಧ ಬೆಳಕು ಗೋಪುರವನ್ನು ಮುಟ್ಟದೆ ಆಕಾಶಕ್ಕೆ ಹೋಗುತ್ತಿತ್ತು. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರೆ. ಇಲ್ಲಿ ದೀಪವೇ ಆಕಾಶವನ್ನು ಮರೆಮಾಡಿತ್ತು. ಬುದ್ಧಿ ಹೇಳಲು ಹೋದವನು ಬುದ್ಧಿ ಕಲಿತು ಇಳಿದು ಬಂದೆ.

ಕತ್ತಲ ಬೆಲೆ ನಮ್ಮ ಧರ್ಮಸಭೆಗೆ ಹೊಸದಲ್ಲ. ಈ ಒರಾಯನ್ ನೀಹಾರಿಕೆಯ ಬಗ್ಗೆ 1619ರಷ್ಟು ಹಿಂದೆಯೇ ಬರೆದವರಲ್ಲಿ ಯೇಸುಸಭೆಯ ಸ್ವಿಸ್ ಗುರು ಯೋಹಾನ್ ಬಾಪ್ಟಿಸ್ಟ್ ಸೀಸಾಟ್ ಒಬ್ಬರು. ಅದರ ಮೊದಲ ಛಾಯಾಚಿತ್ರವನ್ನು 1880ರಲ್ಲಿ ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ 51 ನಿಮಿಷ ಬೆಳಕು ಹಿಡಿದು ತೆಗೆದರು. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ವ್ಯಾಟಿಕನ್ ವೀಕ್ಷಣಾಲಯವನ್ನು ಪುನಃ ಸ್ಥಾಪಿಸಿದರು. ರೋಮ್ ನಗರದ ಬೆಳಕು ಹೆಚ್ಚಿದಾಗ 1930ರ ದಶಕದಲ್ಲಿ ದೂರದರ್ಶಕಗಳು ಕಾಸ್ತೆಲ್ ಗಾಂದೋಲ್ಫೋಗೆ ಹೋದವು. ಅಲ್ಲಿಗೂ ಬೆಳಕು ಬೆನ್ನಟ್ಟಿ ಬಂತು. 1981ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಸಂಶೋಧನಾ ತಂಡ ನೆಲೆಸಿತು. 1993ರಲ್ಲಿ ಅಲ್ಲಿನ ಸುಮಾರು 3,200 ಮೀಟರ್ ಎತ್ತರದ ಗ್ರಹಾಂ ಬೆಟ್ಟದ ಮೇಲೆ 1.8 ಮೀಟರ್ ಕನ್ನಡಿಯ ದೂರದರ್ಶಕ ಕಣ್ಣು ತೆರೆಯಿತು. ಆಕಾಶವನ್ನು ನೋಡಲು ಸಾಗರವನ್ನೇ ದಾಟಬೇಕಾಯಿತು.

ನಾವು ಅಷ್ಟು ದೂರ ಹೋಗಬೇಕಿಲ್ಲ. ಪಾಲನಾ ಸಮಿತಿಯಲ್ಲಿ ವಿಷಯವಿಟ್ಟೆ. ಸ್ವಲ್ಪ ಚರ್ಚೆ ನಡೆಯಿತು. ಈಗ ಹತ್ತು ಗಂಟೆಗೆ ಗೋಪುರದ ದೀಪಗಳು ಆರುತ್ತವೆ. ಗೇಟಿನ ದೀಪಕ್ಕೆ ಮಾತ್ರ ಮರೆ ಹಾಕಿ ನೆಲದ ಕಡೆಗೆ ತಿರುಗಿಸಿದ್ದೇವೆ. ನಮ್ಮ ಕರಾವಳಿಯಲ್ಲಿ ಮೊಟ್ಟೆಯೊಡೆದು ಬಂದ ಕಡಲಾಮೆ ಮರಿಗಳು ದಡದ ದೀಪಗಳನ್ನು ಕಂಡು ಕಡಲಿನ ದಾರಿ ತಪ್ಪುತ್ತವೆ. ದೇವರ ಸೃಷ್ಟಿಗೆ ಹಗಲು ಬೇಕಾದಂತೆ ಇರುಳೂ ಬೇಕು.

ಈ ವಾರ ನಿಮ್ಮ ಮನೆಯಲ್ಲಿ ಒಂದು ರಾತ್ರಿ ಟಿ.ವಿ., ಮೊಬೈಲು, ಹೊರಗಿನ ದೀಪ ಎಲ್ಲವನ್ನೂ ಆರಿಸಿ ಕುಟುಂಬವಾಗಿ ಹತ್ತು ನಿಮಿಷ ಆಕಾಶದ ಕೆಳಗೆ ನಿಲ್ಲಿ. ಕಣ್ಣು ಕತ್ತಲಿಗೆ ಒಗ್ಗಲು ಬಿಡಿ. ಗಾಳಿಯಲ್ಲೂ ಭೂಕಂಪದಲ್ಲೂ ಬೆಂಕಿಯಲ್ಲೂ ಸಿಗದ ಪ್ರಭು ಎಲೀಯನಿಗೆ ಮೆಲುದನಿಯಲ್ಲಿ ಸಿಕ್ಕರೆಂಬುದನ್ನು ಮಕ್ಕಳಿಗೆ ಹೇಳಿ. ನಂತರ ಒಟ್ಟಾಗಿ ಒಂದು ಹತ್ತು ಮಣಿ ಜಪಿಸಿ.

ಆ ತಾಯಿಯನ್ನು ಕಳೆದ ವಾರ ಕಂಡೆ. ಈಗ ಅವರು ಜಪಸರವನ್ನು ತಾರಸಿಯಲ್ಲೇ ಹೇಳುತ್ತಾರೆ. ಕ್ಯಾಮೆರಾ ಕಟಕ್ ಎನ್ನುತ್ತಿರುತ್ತದೆ. ಮೊದಮೊದಲು ದೂರ ನಿಂತಿದ್ದ ಮಗ ಈಚೆಗೆ ಪಕ್ಕದಲ್ಲಿ ಕೂತು ಉತ್ತರ ಕೊಡುತ್ತಾನಂತೆ. "ಈಗೇನಾದರೂ ಕಾಣುತ್ತದೆಯೇ ಅಮ್ಮಾ?" ಎಂದು ಕೇಳಿದೆ.

"ಇನ್ನೂ ಇಲ್ಲ ಸ್ವಾಮಿ. ಆದರೆ ಮುಚ್ಚಳ ತೆಗೆದೇ ಇಟ್ಟಿದ್ದೇನೆ" ಎಂದರು.

ನಮ್ಮ ಹೃದಯಗಳ ಮುಚ್ಚಳವನ್ನೂ ತೆರೆದಿಡುವ ತಾಳ್ಮೆಯನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.