ಬಿಡಬಲ್ಲ ಹಿಡಿತ

ಅಂಟಿದ್ದಲ್ಲಿ ಬಂಧನ ತಪ್ಪಿದ್ದಲ್ಲ ಎಂದು ನಮ್ಮ ಧರ್ಮಚಿಂತನೆ ಬಹುಕಾಲದಿಂದ ಹೇಳುತ್ತ ಬಂದಿದೆ. ಇದನ್ನು ಅತ್ಯಂತ ಬಿಗಿಯಾಗಿ ವಿವರಿಸಿದವರು ಜೈನರು. ತತ್ತ್ವಾರ್ಥಸೂತ್ರದ 8ನೇ ಅಧ್ಯಾಯದ ಪ್ರಕಾರ, ಕಷಾಯದಿಂದ ಕೂಡಿದ ಜೀವ ಕರ್ಮಪುದ್ಗಲಗಳನ್ನು, ಅಂದರೆ ಕರ್ಮದ ಕಣಗಳನ್ನು, ಅಂಟು ಧೂಳನ್ನು ಹಿಡಿಯುವಂತೆ ತನ್ನತ್ತ ಎಳೆದುಕೊಳ್ಳುತ್ತದೆ, ಅದೇ ಬಂಧ. ಕ್ರೋಧ, ಮಾನ, ಮಾಯೆ, ಲೋಭ, ಇವು ಆ ಕಷಾಯಗಳು. ಹಾಗಾದರೆ ಕಸುಬನ್ನು, ಮಕ್ಕಳನ್ನು, ವಿದ್ಯೆಯನ್ನು ಹಿಡಿದುಕೊಂಡವರೆಲ್ಲ ಬಂಧನಕ್ಕೆ ಸಿಕ್ಕವರೇ? ನಾನು ಒಪ್ಪಲಾರೆ. ಅಳತೆ ತಪ್ಪಿದ, ಅವಧಿ ಮೀರಿದ ಹಿಡಿತವಷ್ಟೇ ಬಂಧನ.

ಹಿಡಿತದ ಅಳತೆ ಎಂದರೇನೆಂದು ತಿಳಿಯಲು ಕ್ರಿಕಟ್‌ನಂಥ ಮನೆಬಳಕೆಯ ಕತ್ತರಿಸುವ ಯಂತ್ರದ ಮ್ಯಾಟನ್ನೇ ನೋಡಿ. ಒಂದು ಮಗ್ಗುಲಿಗೆ ಅಂಟು ಸವರಿದ ಪ್ಲಾಸ್ಟಿಕ್ ಹಾಳೆ ಅದು. ಸಾಮಾನ್ಯವಾಗಿ 12 ಅಂಗುಲ ಚೌಕ. ಕಾಗದವನ್ನು ಅದರ ಮೇಲೆ ಒತ್ತಿ ಯಂತ್ರಕ್ಕೆ ಕೊಟ್ಟರೆ ರೋಲರುಗಳು ಅದನ್ನು ಹಿಂದೆ ಮುಂದೆ ಎಳೆಯುತ್ತವೆ, ಬ್ಲೇಡು ಅಡ್ಡಡ್ಡ ಓಡುತ್ತದೆ. ಅಂಟು ಸತ್ತಿದ್ದರೆ ಕಾಗದ ಜರುಗಿ, ಕತ್ತರಿಸುತ್ತಿರುವ ಹೂವಿನ ಎಸಳು ಹರಿದುಹೋಗುತ್ತದೆ. ಅತಿಯಾಗಿದ್ದರೆ ಎಸಳೇನೋ ಚೆನ್ನಾಗಿ ಮೂಡುತ್ತದೆ, ಎಬ್ಬಿಸುವಾಗ ಕಾಗದದ ಅಡಿಪದರ ಮ್ಯಾಟಿನಲ್ಲೇ ಉಳಿದುಬಿಡುತ್ತದೆ. ಅದಕ್ಕೇ ತೆಳು ಕಾಗದಕ್ಕೆ ನೀಲಿ ಮ್ಯಾಟು, ವಿನೈಲ್‌ಗೆ ಹಸಿರು, ದಪ್ಪ ರಟ್ಟಿಗೆ ನೇರಳೆ. ಬಿಡಿಸುವ ಕ್ರಮವಂತೂ ಧ್ಯಾನಿಸಿ ನೋಡಬೇಕಾದದ್ದು. ಕಾಗದವನ್ನು ಹಿಡಿದೆಳೆದರೆ ಅದು ಸುರುಳಿ ಸುತ್ತುತ್ತದೆ. ಬಲ್ಲವರು ಮ್ಯಾಟನ್ನು ಬೋರಲು ಹಾಕಿ, ಕಾಗದವನ್ನು ಮೇಜಿಗೆ ಒತ್ತಿಹಿಡಿದು, ಮ್ಯಾಟನ್ನೇ ಬಾಗಿಸಿ ಹಿಂದಕ್ಕೆ ಸುಲಿಯುತ್ತಾರೆ. ಹಿಡಿದದ್ದು ಬಾಗಿ ಸರಿಯುತ್ತದೆ, ಹಿಡಿಸಿಕೊಂಡದ್ದು ತನ್ನ ಆಕಾರದಲ್ಲೇ ಉಳಿಯುತ್ತದೆ. ಬೆಳೆದ ಮಕ್ಕಳನ್ನು ಬಿಡುವ ತಂದೆತಾಯಿ, ಶಿಷ್ಯನನ್ನು ಬಿಡುವ ಗುರು ಮಾಡಬೇಕಾದದ್ದೂ ಇದೇ. ನಾವಾದರೋ ಬಾಗುವ ಭಾರವನ್ನು ಸದಾ ಎಳೆಯರ ಮೇಲೆಯೇ ಹೊರಿಸುತ್ತೇವೆ.

ಮಂದ ಅಂಟೂ ಅಂಟೇ, ಧೂಳು ಅದಕ್ಕೂ ಮೆತ್ತುತ್ತದೆ ಎಂದು ಜೈನ ವಿದ್ವಾಂಸರು ಆಕ್ಷೇಪಿಸಬಹುದು. ಮೋಕ್ಷದ ಮಟ್ಟಿಗೆ ಆ ಮಾತು ಸರಿ. ಅಲ್ಲಿ ಕಷಾಯ ಪೂರ್ತಿ ಕ್ಷಯವಾಗಲೇಬೇಕು. ಆದರೆ ಅದೇ ಶಾಸ್ತ್ರ ಕಷಾಯದಲ್ಲಿ ಅತಿ ತೀವ್ರವಾದ ಅನಂತಾನುಬಂಧಿಯಿಂದ ಅತಿ ಮಂದವಾದ ಸಂಜ್ವಲನದವರೆಗೆ ನಾಲ್ಕು ದರ್ಜೆ ಮಾಡಿದೆ. ಕರ್ಮ ಎಷ್ಟು ಕಾಲ ನಿಲ್ಲುತ್ತದೆ, ಎಷ್ಟು ತೀವ್ರವಾಗಿ ಫಲ ಕೊಡುತ್ತದೆ ಎಂಬುದನ್ನು ನಿರ್ಧರಿಸುವುದು ಕಷಾಯವೇ. ಮೊದಲೆರಡು ದರ್ಜೆಗಳು ಅಡಗಿದರೆ ಗೃಹಸ್ಥನಿಗೆ ಅಣುವ್ರತ, ಅಂದರೆ ಮಿತಿಯುಳ್ಳ ಕಿರುವ್ರತ, ಸಾಧ್ಯ. ಪೂರ್ಣರೂಪದ ಮಹಾವ್ರತ ಹಿಡಿದ ಮುನಿಯಲ್ಲೂ ಸಂಜ್ವಲನ ಉಳಿದಿರುತ್ತದೆ. ಅಳತೆಗೆ ಬೆಲೆಯಿಲ್ಲದಿದ್ದರೆ ಇಷ್ಟು ಸೂಕ್ಷ್ಮ ವಿಂಗಡಣೆ ಯಾಕೆ ಬೇಕಿತ್ತು? ಇನ್ನು, ಹಿಡಿತವನ್ನೇ ತೊರೆಯಬಹುದಲ್ಲ ಎನ್ನುವವರಿಗೆ 2021ರಲ್ಲಿ ಬಂದ, ಮ್ಯಾಟಿಲ್ಲದೆಯೂ ಕತ್ತರಿಸುವ ಯಂತ್ರಗಳು ಒಳ್ಳೆಯ ಸಾಕ್ಷ್ಯವೆನಿಸೀತು. ಆದರೆ ಅವುಗಳಿಗೆ ಹಾಕುವ ವಿನೈಲ್ ತನ್ನದೇ ಬೆನ್ನಹಾಳೆಗೆ ಅಂಟಿಕೊಂಡು ಬರುತ್ತದೆ. ಮನೆ ಬಿಟ್ಟವನ ಅಂಟು ಮಠಕ್ಕೋ, ತ್ಯಾಗಿಯೆಂಬ ಹೆಸರಿಗೋ ದಾಟುವುದು ಹೀಗೆಯೇ.

ಬಿಡುವ ಹೊತ್ತು ಬಂತೆಂದು ತಿಳಿಯುವುದು ಹೇಗೆ ಎಂಬುದು ನಿಜಕ್ಕೂ ಕಷ್ಟದ ಪ್ರಶ್ನೆ. ಮ್ಯಾಟನ್ನು ಯಂತ್ರದಿಂದ ಹೊರತೆಗೆಯುವ ಮೊದಲು ಕಾಗದದ ಒಂದು ಅಂಚನ್ನು ಮೆಲ್ಲಗೆ ಎತ್ತಿ ನೋಡುವ ರೂಢಿಯಿದೆ. ಪೂರ್ತಿ ಕತ್ತರಿಸಿರದಿದ್ದರೆ ಅಲ್ಲೇ ಮತ್ತೊಮ್ಮೆ ಬ್ಲೇಡು ಓಡಿಸಬಹುದು. ಹೊರತೆಗೆದ ಮೇಲೆ ಅದೇ ಗೆರೆಗೆ ಮತ್ತೆ ಕೂಡಿಸುವುದು ಕಷ್ಟ. ಮಗಳಿಗೆ ಒಂದು ನಿರ್ಧಾರವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟು ನೋಡುವ ತಾಯಿ ಮಾಡುವುದೂ ಇಂಥದೇ ಪರೀಕ್ಷೆ.