ನೋವು ತಾಳುವುದನ್ನು ಕಲಿಸಬಹುದೇ?

ಮೈಗ್ರೇನ್ ಇರುವವರಿಗೆ ಅದರೊಡನೆ ಬಾಳುವ ಬಗೆಯನ್ನು ಹೇಳಿಕೊಡುವುದು ಇಂದು ಚಿಕಿತ್ಸೆಯ ಭಾಗವೇ ಆಗಿದೆ. ಆದರೆ ಈ ಕಲಿಕೆಯ ಬುಡದಲ್ಲಿ ವೈದ್ಯಶಾಸ್ತ್ರ ಒಂದೇ ಉತ್ತರಿಸಲಾಗದ ಪ್ರಶ್ನೆಯೊಂದಿದೆ. ನೋವು ಬೇರೆ, ನೋವಿನಿಂದ ಮನಸ್ಸು ಪಡುವ ಸಂಕಟ ಬೇರೆ ಎಂದು ವಿಂಗಡಿಸಲು ಬರುತ್ತದೆಯೇ? ಬರುವುದಾದರೆ, ನರಳುತ್ತಿರುವವರಿಗೆ ಅದನ್ನು ಬೋಧಿಸುವ ಅಧಿಕಾರ ಯಾರಿಗಿದೆ?

ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದವರ ನಡುವೆ ನಡೆದ ಸಮೀಕ್ಷೆಯೊಂದರಲ್ಲಿ, ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಕಾಡಿತ್ತು. ಚಿಕಿತ್ಸೆ ಸಿಗದಿದ್ದರೆ ಒಂದು ಬಾರಿಯ ನೋವು 4ರಿಂದ 72 ಗಂಟೆ ಇರುತ್ತದೆ. ತಲೆಯ ಒಂದು ಪಕ್ಕ ಸಿಡಿಯುತ್ತದೆ. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಅಡುಗೆಮನೆಯ ಒಗ್ಗರಣೆಯ ವಾಸನೆಗೇ ವಾಕರಿಕೆ ಬರುತ್ತದೆ. ಗಾಯವಿಲ್ಲ, ಜ್ವರವಿಲ್ಲ. ಹೊರಗೆ ಏನೂ ಕಾಣದ ಕಾರಣ ‘ಬರೀ ತಲೆನೋವು ತಾನೇ, ಸ್ವಲ್ಪ ಸಹಿಸಿಕೋ’ ಎಂಬ ಮಾತು ಸುತ್ತಲಿನವರ ಬಾಯಿಂದ ಸಲೀಸಾಗಿ ಬರುತ್ತದೆ. ಸಹನೆಯ ಬೋಧೆ ಇಲ್ಲಿಯೇ ದಾರಿ ತಪ್ಪುವುದು.

ನೋವನ್ನೂ ಸಂಕಟವನ್ನೂ ಬೇರ್ಪಡಿಸಿ ನೋಡಿದ ಹಳೆಯ ಬೋಧೆಗಳಲ್ಲಿ ಬೌದ್ಧ ಗ್ರಂಥವಾದ ಸಂಯುಕ್ತ ನಿಕಾಯದ ಸಲ್ಲತ್ಥ ಸುತ್ತ ಪ್ರಸಿದ್ಧವಾದುದು. ದೇಹಕ್ಕೆ ತಗಲುವ ನೋವು ಮೊದಲ ಬಾಣ; ಅದರ ಬಗ್ಗೆ ಗೋಳಾಡಿ, ಹೆದರಿ, ಕೊರಗುವುದು ಎರಡನೆಯ ಬಾಣ. ತಿಳಿದವನಿಗೂ ಮೊದಲನೆಯದು ತಪ್ಪದು, ಎರಡನೆಯದು ಮಾತ್ರ ತಗಲದು ಎನ್ನುತ್ತಾನೆ ಬುದ್ಧ. ಮೈಗ್ರೇನ್ ಇರುವವರ ಬದುಕಿನಲ್ಲಿ ಈ ಎರಡನೆಯ ಬಾಣ ನೋವಿಲ್ಲದ ದಿನಗಳಲ್ಲೂ ನೆಟ್ಟೇ ಇರುತ್ತದೆ. ಮದುವೆಯ ದಿನವೇ ನೋವು ಬಂದರೆ? ಪರೀಕ್ಷೆಯ ಹೊತ್ತಿಗೆ ಬಂದರೆ? ಭಗವದ್ಗೀತೆಯ ಎರಡನೆಯ ಅಧ್ಯಾಯವೂ ಸುಖದುಃಖಗಳು ಬಂದುಹೋಗುವಂಥವು, ಅವನ್ನು ತಾಳು ಎನ್ನುತ್ತದೆ. ವೇದಾಂತ ಸಾಧಕನ ಲಕ್ಷಣಗಳಲ್ಲಿ ತಿತಿಕ್ಷೆಯನ್ನೂ, ಎಂದರೆ ಈ ತಾಳಿಕೊಳ್ಳುವ ಗುಣವನ್ನೂ, ಸೇರಿಸಿತು.

ಎರಡನೆಯ ಬಾಣದಿಂದ ಬಿಡಿಸಿಕೊಳ್ಳಲು ನೆರವಾಗುವ ಬೌದ್ಧ ಧ್ಯಾನದ ಅಭ್ಯಾಸಕ್ಕೆ 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆಸ್ಪತ್ರೆಯ ರೂಪ ಕೊಟ್ಟರು. ಎಂಟು ವಾರಗಳ ತರಗತಿ. ಉಸಿರನ್ನು ಗಮನಿಸುವುದು, ಮಲಗಿ ಅಂಗಾಲಿನಿಂದ ನೆತ್ತಿಯವರೆಗೆ ಮೈಯ ಒಂದೊಂದು ಭಾಗಕ್ಕೂ ಗಮನ ಕೊಡುತ್ತ ಹೋಗುವುದು. ಮೈಗ್ರೇನ್ ಇರುವ 89 ಜನರ ಮೇಲೆ ನಡೆದು 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಅಭ್ಯಾಸವನ್ನು ತಲೆನೋವಿನ ತಿಳಿವಳಿಕೆ ನೀಡುವ ತರಗತಿಯೊಂದಿಗೆ ಹೋಲಿಸಿತು. ನೋವಿನ ದಿನಗಳು ಎರಡು ಗುಂಪಿನಲ್ಲೂ ಇಳಿದವು, ಗಮನಾರ್ಹ ಅಂತರ ಕಾಣಲಿಲ್ಲ. ಆದರೆ ಧ್ಯಾನ ಕಲಿತವರ ನಿತ್ಯದ ಕೆಲಸಕಾರ್ಯಗಳಿಗೆ ನೋವು ತರುವ ಅಡ್ಡಿ ಇನ್ನೊಂದು ಗುಂಪಿಗಿಂತ ಹೆಚ್ಚಾಗಿ ಇಳಿಯಿತು, ಖಿನ್ನತೆ ತಗ್ಗಿತು, ತಾವು ನಿಭಾಯಿಸಬಲ್ಲೆವೆಂಬ ಭರವಸೆ ಬೆಳೆಯಿತು. ಮೊದಲ ಬಾಣವನ್ನು ಧ್ಯಾನ ತಡೆಯಲಿಲ್ಲ, ಎರಡನೆಯದನ್ನು ಸಡಿಲಿಸಿತು. ಸುತ್ತದ ಮಾತೂ ಅಷ್ಟೇ ಇತ್ತು.

ಆದರೂ ವಿಂಗಡಣೆ ಅಷ್ಟು ಸುಲಭವಲ್ಲ. ಇದನ್ನು ತೀವ್ರವಾಗಿ ಎತ್ತಿ ತೋರಿಸಿದವರು ಇಂಗ್ಲೆಂಡಿನ ತತ್ತ್ವಜ್ಞಾನಿ ಆ್ಯನ್ ಕಾನ್‌ವೇ (1631–1679). ಬಾಲ್ಯದಿಂದ ಸಾಯುವವರೆಗೂ ಅವರನ್ನು ಭೀಕರ ತಲೆನೋವು ಬಿಡಲಿಲ್ಲ. ವಿಲಿಯಂ ಹಾರ್ವೆ, ಥಾಮಸ್ ವಿಲ್ಲಿಸ್‌ರಂಥ ವೈದ್ಯರು ಸೋತರು. ತಲೆಬುರುಡೆ ಕೊರೆಸಿಕೊಳ್ಳಲೂ ಸಿದ್ಧರಾಗಿ ಕಾನ್‌ವೇ ಪ್ಯಾರಿಸ್‌ಗೆ ಹೋಗಿದ್ದರು. 1690ರಲ್ಲಿ, ಅವರ ಮರಣಾನಂತರ ಪ್ರಕಟವಾದ ಕೃತಿಯಲ್ಲಿ ದೇಹ, ಆತ್ಮಗಳನ್ನು ಪೂರ್ತಿ ಬೇರೆಯೆಂದ ದೇಕಾರ್ತನ ಪಂಥಕ್ಕೆ ಅವರು ಕೇಳಿದ್ದು ಇದು: ಆತ್ಮಕ್ಕೂ ದೇಹಕ್ಕೂ ಅಷ್ಟು ದೂರವಿದ್ದರೆ, ದೇಹ ನೊಂದಾಗ ಆತ್ಮ ಏಕೆ ನರಳಬೇಕು? ದಿಂಬಿಗೆ ತಲೆಯೊತ್ತಿ ಮಲಗಿದವರಿಗೆ ಈ ಪ್ರಶ್ನೆಯ ತೂಕ ಬಲ್ಲವರಷ್ಟೇ ಸಾಂತ್ವನ ಹೇಳಬಲ್ಲರು. ಕಾನ್‌ವೇ ಕೊನೆಗಾಲದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರನ್ನು ಮನೆಯಲ್ಲಿರಿಸಿಕೊಂಡರು. ಈ ಪಂಥದವರು ಸ್ವತಃ ಹಿಂಸೆ ಉಂಡವರು, ಆದ್ದರಿಂದಲೇ ಪರರ ಸಂಕಟಕ್ಕೆ ಸಮಾಧಾನ ತರಬಲ್ಲರು ಎಂದು ಗೆಳೆಯ ಹೆನ್ರಿ ಮೋರ್‌ಗೆ ಬರೆದರು. ನೋವು ಆತ್ಮವನ್ನು ಶುದ್ಧಿಗೊಳಿಸುತ್ತದೆ ಎಂದೂ ಕಾನ್‌ವೇ ನಂಬಿದ್ದರು. ತಮ್ಮ ನೋವಿಗೆ ಹಾಗೆ ಅರ್ಥ ಕೊಟ್ಟುಕೊಳ್ಳುವ ಹಕ್ಕು ಅವರಿಗಿತ್ತು. ಆರೋಗ್ಯವಂತರು ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ.

‘ಪಡೆದುಕೊಂಡು ಬಂದದ್ದು, ಅನುಭವಿಸಬೇಕು’ ಎನ್ನುವುದು ನಮ್ಮಲ್ಲಿ ಇದಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಅರ್ಥ. ಸಮಾಧಾನದ ಧಾಟಿಯಲ್ಲಿ ಹೇಳಿದರೂ ಇದು ಆರೋಪವೇ. ಅದೇ ಸಂಯುಕ್ತ ನಿಕಾಯದ ಸೀವಕ ಸುತ್ತದಲ್ಲಿ, ಎಲ್ಲ ವೇದನೆಯೂ ಹಿಂದಿನ ಕರ್ಮದ ಫಲವೇ ಎಂದು ಕೇಳಿದ ಪರಿವ್ರಾಜಕನಿಗೆ ಬುದ್ಧ ಅಲ್ಲವೆನ್ನುತ್ತಾನೆ. ಪಿತ್ತ, ಕಫ, ವಾತ, ಋತುಗಳ ಬದಲಾವಣೆಯಂಥ ಕಾರಣಗಳನ್ನು ಹೆಸರಿಸಿ, ಕರ್ಮವನ್ನು ಎಂಟರಲ್ಲಿ ಒಂದಾಗಿ ಮಾತ್ರ ಇಡುತ್ತಾನೆ. ಕರ್ಮವನ್ನು ಒಪ್ಪುವ ಪರಂಪರೆಯೇ ರೋಗಿಯನ್ನು ತಪ್ಪಿತಸ್ಥನ ಸ್ಥಾನದಿಂದ ಬಿಡಿಸಿದೆ ಎಂಬುದನ್ನು ಮರೆಯಬಾರದು.

ಹೀಗೆ ನೋಡಿದರೆ ತಿತಿಕ್ಷೆಗೂ ಔಷಧಿಗೂ ವೈರವಿಲ್ಲ. ನೋವಿನ ದಿನಚರಿ ಬರೆದಿಡುವುದು, ನಿದ್ದೆ ಊಟಗಳ ಹೊತ್ತು ತಪ್ಪಿಸದಿರುವುದು, ನೋವಿನ ಆರಂಭದಲ್ಲೇ ಮಾತ್ರೆ ನುಂಗುವುದು, ಹಾಗೆಂದು ಅದನ್ನು ಅತಿಯಾಗಿ ಬಳಸದಿರುವುದು ಇವೆಲ್ಲ ಆ ಕಲಿಕೆಗೇ ಸೇರಿದವು. ಸಾಮಾನ್ಯ ನೋವುನಿವಾರಕವನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ ನುಂಗುತ್ತ ಹೋದರೆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ಊಟ ತಪ್ಪಿದರೆ ಹಲವರಿಗೆ ನೋವು ಕೆರಳುತ್ತದೆ. ಅಂಥವರು ಏಕಾದಶಿಯಂದು ಉಣ್ಣುವುದನ್ನು ಮನೆಯವರು ವ್ರತಭಂಗವೆಂದು ಎಣಿಸದಿರಲಿ. ರೋಗಿಗಳಿಗೆ ಉಪವಾಸದಿಂದ ವಿನಾಯಿತಿಯನ್ನು ಸಂಪ್ರದಾಯವೇ ಕೊಟ್ಟಿದೆ.